ತೊಳೆಯದ ಕೈ

ಗ್ಯಾರೇಜಿನ ಎಣ್ಣೆಯ ವಾಸನೆ ಬಂದರೆ ನಾನು ಈಗಲೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತೇನೆ.

ಆ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ವಿಮಾನ ಮ್ಯೂಸಿಯಂ ನೋಡಿ ಶಿವಮೊಗ್ಗಕ್ಕೆ ಮರಳುವಾಗ, ಸಂಜೆ ಅಮ್ಮ, ಅಕ್ಕ, ನಾನು ಭದ್ರಾವತಿಯ ಅತ್ತೆಯ ಮನೆಗೆ ಹೋದೆವು. ಅತ್ತೆಯ ಮಗ ಹಿಂದಿನ ವರ್ಷ ತಾನು ಹಾರಿಸುತ್ತಿದ್ದ ವಿಮಾನ ಬಿದ್ದು ಹೊತ್ತಿ ಉರಿದಾಗ ತೀರಿಕೊಂಡಿದ್ದ. "ಅಲ್ಲಿ ವಿಮಾನದ ಸುದ್ದಿ ಎತ್ತಬೇಡ," ಎಂದು ಅಮ್ಮ ರೈಲಿನಲ್ಲೇ ಹೇಳಿದ್ದಳು.

ಊಟಕ್ಕೆ ಮುಂಚೆ ಕೈ ತೊಳೆಯಲು ಹೊರಟವನನ್ನು ಅತ್ತೆ ಹಿಡಿದು ನಿಲ್ಲಿಸಿ, ಮ್ಯೂಸಿಯಂನ ವಿಮಾನ ಮುಟ್ಟಿ ಎಣ್ಣೆ ಮೆತ್ತಿದ್ದ ಅಂಗೈ ಮೂಸಿದರು.

"ತೊಳೀಬೇಡ ಪುಟ್ಟ, ನಾನೇ ತಿನ್ನಿಸ್ತೀನಿ."

ನನ್ನ ಕೈ ಬಿಡದೆಯೇ ತುತ್ತು ಕೊಟ್ಟರು.

"ಒಳಗೆ ಕೂತಿದ್ಯಾ?"

ತಲೆಯಾಡಿಸಿದೆ.

"ತುಂಬ ಬಿಸಿ ಇತ್ತೇನೋ?"

ಅಮ್ಮ ನೀರಿನ ಲೋಟ ಹಿಡಿದು ನಿಂತೇ ಇದ್ದಳು. ನಮ್ಮನ್ನು ಯಾರೂ ವಿಮಾನ ಹತ್ತಿಸಲೇ ಇಲ್ಲ ಎಂದು ಅಕ್ಕ ಆಮೇಲೆ ವಾದಿಸಿದಳು. ನನ್ನ ತೊಡೆ ಮಾತ್ರ ಬಿಸಿಲಿಗೆ ಕಾದ ಸೀಟಿನಿಂದ ಇನ್ನೂ ಉರಿಯುತ್ತಿತ್ತು.

"ಇಲ್ಲ ಅತ್ತೆ," ಎಂದೆ. "ತಣ್ಣಗಿತ್ತು."

ಅತ್ತೆ ನನ್ನ ಕೈ ಬಿಟ್ಟರು. ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನೆಲ್ಲ ತಾವೇ ತಿಂದರು.