ಮಬ್ಬು ಬೆಳಕಿಗೆ ಒಂದು ಲೆನ್ಸ್

“ಬಾಗಿಲು ಹಾಕೋ ಅಪ್ಪಣ್ಣ,” ಎಂದರು ಹಯಗ್ರೀವ ಮೇಷ್ಟ್ರು. “ದೂರದಲ್ಲಿರೋರನ್ನ ಹತ್ತಿರ ತೋರ್ಸೋ ಲೆನ್ಸ್ ಬೇಕು. ಅವರಿಗೆ ಗೊತ್ತಾಗಬಾರದು.”

ಅಪ್ಪಣ್ಣ ಬಾಗಿಲು ಹಾಕಿ ಬಂದ. ಆಗ ಎಂಬತ್ತೈದನೇ ಇಸವಿ. ಹೊಸೂರು ಬಸ್ ಸ್ಟ್ಯಾಂಡಿನ ಹಿಂದೆ ಅವನ ಸ್ಟುಡಿಯೊ. ಮದುವೆ, ನಾಮಕರಣದ ಫೋಟೋ ತೆಗೆಯುವುದು, ಕ್ಯಾಮೆರಾ ಬಾಡಿಗೆಗೆ ಕೊಡುವುದು ಕಸುಬು. ಯಾರ್ಯಾರೋ ಬರುತ್ತಿದ್ದರು. ಆದರೆ ತನಗೆ ಲೆಕ್ಕ ಕಲಿಸಿದ ಮೇಷ್ಟ್ರು ಹೀಗೆ ಕಳ್ಳನ ಹಾಗೆ ಒಳಗೆ ನುಗ್ಗಿದ್ದು ಇದೇ ಮೊದಲು.

ಅವನು ಎರಡು ಜೂಮ್ ಲೆನ್ಸ್ ತೆಗೆದಿಟ್ಟ. ಎರಡೂ ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತವೆ. ಆದರೆ ಒಂದರ ಬಾಯಿ ಚೊಂಬಿನಷ್ಟು ಅಗಲ. ಬೆಳಕನ್ನು ಗಟಗಟ ಕುಡಿಯುತ್ತದೆ, ಮಬ್ಬಿನಲ್ಲೂ ಓಡಾಡುವವರನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೊಂದರದು ಲೋಟದಷ್ಟು. ಬಿಸಿಲಿಲ್ಲದಿದ್ದರೆ ಅದು ಕುರುಡು.

“ಎಷ್ಟೊತ್ತಲ್ಲಿ ತೆಗೀಬೇಕು ಮೇಷ್ಟ್ರೇ?”

“ದೀಪ ಹಚ್ಚೋ ಹೊತ್ತು. ಫ್ಲಾಶ್ ಹಾಕೋ ಹಾಗಿಲ್ಲ.”

“ಕೂತಿರ್ತಾರಾ, ಓಡಾಡ್ತಿರ್ತಾರಾ?”

“ಅವಳು ಕೂತಿರ್ತಾಳೆ. ಅವನು ಒಂದು ಗಳಿಗೆ ಒಂದು ಕಡೆ ನಿಲ್ಲಲ್ಲ.”

ಅವಳು ಅಂದರೆ ಯಾರು ಎಂದು ಕೇಳುವ ಧೈರ್ಯ ಅಪ್ಪಣ್ಣನಿಗಿರಲಿಲ್ಲ. ಮೇಷ್ಟ್ರೇ ಹೇಳಿಬಿಟ್ಟರು.

“ನಮ್ಮ ಜಲಜ ಕಣೋ. ಶುಕ್ರವಾರ ಬಂತು ಅಂದ್ರೆ ಕೆಲಮಂಗಲದ ಬಸ್ ಹತ್ತಿಬಿಡ್ತಾಳೆ. ಭಜನೆಯಂತೆ, ಭಜನೆ! ಬೆಣ್ಣೆ ಕಾಯಿಸಿದ ಘಮಲು ಮನೆ ತುಂಬಾ ಇರುತ್ತೆ, ತುಪ್ಪ ಮಾತ್ರ ನನ್ನ ಎಲೆಗೆ ಬೀಳಲ್ಲ. ಹೋದ ವಾರ ಹಿಂದೇನೇ ಹೋದೆ. ಊರಾಚೆ ಬಂಡೆ ಮೇಲೆ ನಿಂತು ನೋಡ್ದೆ. ಅಂಗಳದಲ್ಲಿ ಅವನ್ನ ತಬ್ಕೊಂಡಿದ್ಲು.” ಮೇಷ್ಟ್ರು ಒಂದು ಲೆನ್ಸನ್ನು ಎತ್ತಿ ಕಣ್ಣಿಗೆ ಹಿಡಿದರು. “ಮುಖ ಕಾಣ್ಲಿಲ್ಲ. ಯಾರ ಥರ ಇದಾನೆ ಅಂತ ನೋಡ್ಲೇಬೇಕು ನಾನು. ನಿದ್ದೆ ಬರ್ತಿಲ್ಲ ಕಣೋ.”

ಅಯ್ಯೋ ದೇವರೇ! ಜಲಜಮ್ಮನವರೇ? ಹಬ್ಬ ಬಂದರೆ ತಪ್ಪದೆ ಅವನಿಗೆ ಒಬ್ಬಟ್ಟು ಕಳಿಸುವ, ತಲೆ ನರೆತ ಹೆಂಗಸು! ಅಪ್ಪಣ್ಣ ನಂಬಲಿಲ್ಲ. ಆದರೆ ಮೇಷ್ಟ್ರು ಕಣ್ಣಾರೆ ನೋಡಿದ್ದೇನೆ ಅನ್ನುತ್ತಿದ್ದಾರಲ್ಲ.

ಮೇಷ್ಟ್ರ ಹಟ ಇಡೀ ಹೊಸೂರಿಗೆ ಗೊತ್ತು. ಎರಡು ವರ್ಷದ ಹಿಂದೆ ಒಬ್ಬಳೇ ಮಗಳು ಸುಗುಣ ಫ್ಯಾಕ್ಟರಿಯ ತಮಿಳು ಹುಡುಗನನ್ನು ಕಟ್ಟಿಕೊಂಡು ಊರು ಬಿಟ್ಟಾಗ, ಈ ಮನುಷ್ಯ ತಲೆಗೆ ತಣ್ಣೀರು ಸುರಿದುಕೊಂಡು ‘ಮಗಳು ಸತ್ತಳು’ ಅಂದಿದ್ದರು. ಅವಳ ಹೊಸ್ತಿಲು ತುಳಿಯುವುದಿಲ್ಲವೆಂದು ತುಳಸಿ ಮುಟ್ಟಿ ಆಣೆ ಇಟ್ಟಿದ್ದರು. ಸ್ಟುಡಿಯೊಗೆ ಬಂದು ಷೋಕೇಸಿನಲ್ಲಿದ್ದ ಅವಳ ಫೋಟೋ ಕೂಡ ತೆಗೆಸಿದ್ದರು. ಹೆತ್ತ ಮಗಳಿಗೇ ಹೀಗೆ ಮಾಡಿದವರು ಹೆಂಡತಿಯನ್ನು ಬಿಟ್ಟಾರೆಯೇ? ಒಂದೇ ಒಂದು ಫೋಟೋ ಸಿಕ್ಕರೆ ಸಾಕು, ಆ ತಾಯಿ ಬೀದಿಪಾಲು.

“ದೊಡ್ಡದ್ರೊಳಗೆ ಬೂಷ್ಟು ಹಿಡಿದಿದೆ ಮೇಷ್ಟ್ರೇ,” ಎಂದು ಅಪ್ಪಣ್ಣ ಹಸಿ ಸುಳ್ಳು ಹೇಳಿದ. ಕುರುಡು ಲೆನ್ಸನ್ನೇ ಕ್ಯಾಮೆರಾಕ್ಕೆ ಸಿಕ್ಕಿಸಿ ಕೊಟ್ಟ. ಮೇಷ್ಟ್ರು ಅದನ್ನು ಪಂಚೆಯ ಮರೆಯಲ್ಲಿ ಹಿಡಿದುಕೊಂಡು ಹೊರಟರು.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗುರುವಾರ ಮೇಷ್ಟ್ರು ಸ್ಕೂಲಿಗೆ ಹೋದ ಹೊತ್ತು ನೋಡಿ ಅಪ್ಪಣ್ಣ ಅವರ ಹಿತ್ತಿಲಿಗೇ ಹೋದ.

“ಅಮ್ಮಾ, ನಾಳೆ ಕೆಲಮಂಗಲಕ್ಕೆ ಹೋಗ್ಬೇಡಿ. ಮೇಷ್ಟ್ರಿಗೆ ಗೊತ್ತಾಗ್ಬುಟ್ಟಿದೆ.”

ಜಲಜಮ್ಮನ ಕೈಯಲ್ಲಿದ್ದ ಮೊರ ನೆಲಕ್ಕೆ ಬಿತ್ತು. ಅವನು ಬಂಡೆಯ ವಿಷಯ, ಲೆನ್ಸಿನ ವಿಷಯ ಎಲ್ಲ ಒದರಿದ.

“ಅವರು ಅಲ್ಲೀ ತನಕ ಬಂದಿದ್ರಾ? ಬಂಡೆ ಮೇಲೆ ನಿಂತಿದ್ರಾ?” ಜಲಜಮ್ಮ ಹತ್ತಿರ ಬಂದು ಕೇಳಿದರು.

“ನಾಳೇನೂ ಬತ್ತಾರೆ ಅಮ್ಮ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಅದ್ರಲ್ಲಿ ಕತ್ತಲಲ್ಲೂ ಮುಖ ಕಾಣುತ್ತೇನಪ್ಪಾ?”

“ಇಲ್ಲಮ್ಮ. ಬೇಕೂಂತ್ಲೇ ಅದನ್ನ ಕೊಟ್ಟಿವ್ನಿ. ಬರೀ ಕಪ್ಪು ಬತ್ತದೆ. ಆದ್ರೂ ನೀವು ಹೋಗ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಹೋಗದೆ ಇರಕ್ಕಾಗಲ್ಲ ಕಣಪ್ಪ,” ಎಂದರು ಜಲಜಮ್ಮ. “ನಾಳೆಯಂತೂ ಹೋಗ್ಲೇಬೇಕು.”

ಎಂಥಾ ಗಟ್ಟಿ ಹೆಂಗಸಪ್ಪಾ! ಮನೆ ಹಾಳಾಗುವುದು ಗೊತ್ತಿದ್ದೂ ಹೋಗುತ್ತೇನೆ ಅನ್ನುತ್ತಾರಲ್ಲ. ಅಪ್ಪಣ್ಣನಿಗೆ ಸಿಟ್ಟೂ ಬಂತು, ಅಳುವೂ ಬಂತು.

ಶನಿವಾರ ಸ್ಟುಡಿಯೊ ಬಾಗಿಲು ತೆರೆಯುವ ಮೊದಲೇ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಕಣ್ಣು ಕೆಂಡದ ಹಾಗಿತ್ತು. “ಈಗಲೇ ತೊಳಿ,” ಎಂದರು. ಹೊರಗೆ ಕೂತಿರಿ ಅಂದರೂ ಕೇಳದೆ ಡಾರ್ಕ್ ರೂಮಿನೊಳಗೆ ಹಿಂದೆಯೇ ಬಂದರು.

ರೀಲು ತೊಳೆದಾದ ಮೇಲೆ, ಕೆಂಪು ದೀಪದಡಿ ಅಪ್ಪಣ್ಣ ಫೋಟೋ ಕಾಗದವನ್ನು ಔಷಧಿಯ ಟ್ರೇಯಲ್ಲಿ ಅದ್ದಿ ಅಲುಗಾಡಿಸಿದ. ಮೊದಲನೆಯದು ಕಪ್ಪು. ಎರಡನೆಯದೂ ಕಪ್ಪು. ಪಕ್ಕದಲ್ಲಿ ಮೇಷ್ಟ್ರ ಉಸಿರು ಭಾರವಾಗುತ್ತ ಹೋಯಿತು. ಅಪ್ಪಣ್ಣ ಮನಸ್ಸಿನಲ್ಲೇ ಬೆಟ್ಟದ ದೇವರಿಗೆ ಕೈಮುಗಿದ. ಜಲಜಮ್ಮ ಬದುಕಿಕೊಂಡರು.

“ಏನೂ ಇಲ್ವೇನೋ?” ಮೇಷ್ಟ್ರ ದನಿ ಒಡೆದಿತ್ತು.

“ಇನ್ನೊಂದೇ ಉಳಿದಿರೋದು ಮೇಷ್ಟ್ರೇ.”

ಕೊನೆಯ ಕಾಗದದ ಕಪ್ಪಿನ ನಡುವೆ ಒಂದು ಬೆಳ್ಳನೆ ಚುಕ್ಕೆ ಮೂಡಿತು. ಲಾಟೀನು. ಅದನ್ನು ಎತ್ತಿದ ಕೈ. ಪಕ್ಕದಲ್ಲಿ ಎರಡೇ ಹಲ್ಲು ಬಿಟ್ಟು ನಗುತ್ತಿರುವ ಒಂದು ಗುಂಡು ಮುಖ, ಹಿಂದೆ ಮಬ್ಬಾಗಿ ಸುಗುಣ.

ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು. “ಹೇಳೋ ಅಪ್ಪಣ್ಣ, ಯಾರ ಥರ ಇದಾನೋ?”

“ನಿಮ್ಮ ಥರಾನೇ ಮೇಷ್ಟ್ರೇ. ಮೂಗು ನಿಮ್ಮದೇ.”

ಆ ಮೂಗು ಚೆನ್ನಾಗಿ ಕಾಣಲೆಂದು ಲಾಟೀನನ್ನು ಮೊಮ್ಮಗನ ಮುಖದ ಹತ್ತಿರ ಎತ್ತಿ ಹಿಡಿದ ಜಲಜಮ್ಮ, ಬಂಡೆಯ ಮೇಲಿದ್ದ ಲೆನ್ಸನ್ನೇ ನೇರವಾಗಿ ನೋಡುತ್ತಿದ್ದರು.