ಸಣ್ಣ ಹಲ್ಲಿನ ಹಣಿಗೆ

"ಅವ್ವಾ, 'ಫೈನ್-ಟೂತ್ ಕೋಂಬ್' ಹಿಡಿದು ಹುಡುಕೋದು ಅಂದ್ರ ಏನು? ನಾಳೆ ಅರ್ಥ ಬರಕೊಂಡು ಹೋಗಬೇಕು" ಎಂದು ಹತ್ತು ವರ್ಷದ ಮೇದಿನಿ ಕೇಳಿದಾಗ ಸುಭದ್ರಾಳಿಗೆ ನಗು ಬಂತು. ಧಾರವಾಡದಿಂದ ತಂದಿದ್ದ ಹೇನಿನ ಹಣಿಗೆಯನ್ನು ಕೈಗೆತ್ತಿಕೊಂಡಳು. "ಇದರಿಂದ ಹಿಕ್ಕಿದ್ರ ಒಂದು ಸೀರೂ ಉಳಿಯಂಗಿಲ್ಲ. ಹಂಗ ಎಳಿಎಳಿ ಬಿಡಿಸಿ ನೋಡೋದು. ತಲಿ ಬಗ್ಗಸು, ತೋರಸ್ತೀನಿ."

ಮೇದಿನಿ ತಟ್ಟನೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. "ಬ್ಯಾಡ, ಅರ್ಥ ಆತು." ಸುಭದ್ರಾ ಮೆಲ್ಲಗೆ ಆ ಕೈಗಳನ್ನು ಸರಿಸಿ ಕಿವಿಯ ಹಿಂದಿನ ಕೂದಲು ಎತ್ತಿದಳು. ಅಲ್ಲಿ ಹೆಬ್ಬೆರಳಗಲದ ಜಾಗ ಬೋಳಾಗಿತ್ತು.

"ಯಾರು ಕಿತ್ತಿದ್ದು ಇದನ್ನ?"

"ಯಾರೂ ಅಲ್ಲ, ನಾನ. ಕ್ಲಾಸಿನ್ಯಾಗ ಎಲ್ಲಾರೂ ಗುಜರಾತಿಯೊಳಗ ಏನೋ ಅಂದು ನಗತಾರ. ನನಗ ತಿಳಿಯಂಗಿಲ್ಲ. ಆವಾಗ ಒಂದೊಂದ ಎಳೀತೀನಿ."

ಗಂಡನಿಗೆ ವರ್ಗವಾಗಿ ಗುಜರಾತಿನ ಮಣಿನಗರಕ್ಕೆ ಬಂದು ಎಂಟು ತಿಂಗಳಾಗಿತ್ತು. ದಿನವೂ ಸಂಜೆ "ಸಾಲಿ ಹೆಂಗಿತ್ತು?" ಎಂದು ಸುಭದ್ರಾ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. "ಚಲೋ ಇತ್ತು" ಎಂಬ ಉತ್ತರ ಬಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಹೋಗಿ ಒಲೆ ಆರಿಸಿ ಬಂದು, ಮಗಳ ಎದುರು ನೆಲದ ಮೇಲೆ ಕೂತಳು.

"ಇವತ್ತು ಏನೇನಾತು? ಬೆಳಿಗ್ಗಿಯಿಂದ ಹೇಳು."

ಮೇದಿನಿ ಹಣಿಗೆಯನ್ನು ಕೈಗೆ ತೆಗೆದುಕೊಂಡು ಅದರ ಹಲ್ಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಬಸ್ಸಿನ್ಯಾಗ..." ಎಂದು ಶುರುಮಾಡಿದಳು.