ಮೂವತ್ತೇಳು ಜ್ಯೋತಿರ್ವರ್ಷ

ಮದುವೆಯ ದಿನ ಸ್ಕೂಟರ್ ಕೊಡದೆ ತಾಳಿ ಕಟ್ಟಲ್ಲ ಅಂತ ಗಂಡ ಚಪ್ಪರ ಬಿಟ್ಟು ಬೀದಿಗೆ ಬಂದು ನಿಂತಿದ್ದರೆಂದು ವನಜಾಕ್ಷಮ್ಮನ ದೂರು. "ನಾನು ಹಸೆಮಣೆಯಿಂದ ಅಲ್ಲಾಡಲೇ ಇಲ್ಲ" ಎಂದು ರಂಗಸ್ವಾಮಿಯ ವಾದ. ಈ ಜಗಳ ಒಮ್ಮೆಯೂ ಮುಗಿದಿರಲಿಲ್ಲ.

ಮದುವೆಗೆ ಮೂವತ್ತೇಳು ವರ್ಷ ತುಂಬಿದ ದಿನ ಇಬ್ಬರೂ ತಾರಾಲಯ ನೋಡಲು ಹೋದರು.

"ಸ್ವಾತಿ ನಕ್ಷತ್ರ ಮೂವತ್ತೇಳು ಜ್ಯೋತಿರ್ವರ್ಷ ದೂರ. ಅಂದ್ರೆ, ಅದರ ಬೆಳಕು ಇಲ್ಲಿಗೆ ಬರೋಕೆ ಮೂವತ್ತೇಳು ವರ್ಷ ಬೇಕು," ಎಂದಳು ವಿವರಿಸುತ್ತಿದ್ದ ಹುಡುಗಿ.

"ಇಲ್ಲಿನ ಬೆಳಕು ಅಲ್ಲಿಗೆ ಹೋಗೋಕೂ ಅಷ್ಟೇ ವರ್ಷ ಬೇಕೇನಮ್ಮಾ?" ವನಜಾಕ್ಷಮ್ಮ ಕೇಳಿದರು.

"ಹೌದಮ್ಮ. ಅಲ್ಲಿಂದ ಯಾರಾದ್ರೂ ನಮ್ಮನ್ನ ನೋಡಿದ್ರೆ, ಅವರಿಗೆ ಮೂವತ್ತೇಳು ವರ್ಷ ಹಿಂದಿನ ಈ ದಿನವೇ ಕಾಣಿಸುತ್ತೆ."

ವನಜಾಕ್ಷಮ್ಮ ಗೆದ್ದವರಂತೆ ಗಂಡನ ಕಡೆ ತಿರುಗಿದರು. "ಕೇಳಿಸ್ತಾ? ನೀವು ಬೀದಿಲಿ ನಿಂತಿರೋದನ್ನ ಅವರು ಈಗ ನೋಡ್ತಿರ್ತಾರೆ!"

"ಹೇಗೆ ಕಾಣುತ್ತೆ?" ಎಂದರು ರಂಗಸ್ವಾಮಿ ತಟ್ಟನೆ. "ನಾನು ನಿಂತಿದ್ದಾಗ ಆಕಾಶದ ತುಂಬ ಮೋಡ ಇತ್ತು ಕಣೇ."